200 ರೂಪಾಯಿಯ ಪ್ರೋಗ್ರಾಮರ್, 21 ದಿನದ ಮೊಟ್ಟೆ



ಗೋದಲಿ ಕಟ್ಟುವ ದಿನಗಳು ಹತ್ತಿರ ಬಂದವೆಂದರೆ ನನ್ನ ಫೋನಿಗೆ ಒಂದೇ ಬಗೆಯ ಮೆಸೇಜುಗಳು ಬರಲು ಶುರುವಾಗುತ್ತವೆ. “ಅಣ್ಣಾ, ಚಿಪ್ ಹೋಗ್ಬಿಟ್ಟಿದೆ ಅನ್ಸುತ್ತೆ.” “ಅಣ್ಣಾ, ಪ್ರೋಗ್ರಾಂ ಹತ್ತುತ್ತಾ ಇಲ್ಲ.” “ಅಣ್ಣಾ, ಲ್ಯಾಪ್‌ಟಾಪ್‌ಗೆ ಪ್ರೋಗ್ರಾಮರ್ ಕಾಣ್ತಾನೇ ಇಲ್ಲ.” ನಕ್ಷತ್ರದ ದೀಪ ಓಡಿಸುವ ಬೋರ್ಡ್ ಇರಬಹುದು, ಕಾಲೇಜಿನ ಪ್ರಾಜೆಕ್ಟ್ ಇರಬಹುದು, ತೋಟದ ಡ್ರಿಪ್ ಟೈಮರ್ ಇರಬಹುದು. ಎಲ್ಲರೂ ಮೊದಲು ಬೈಯುವುದು ಚಿಪ್ಪನ್ನು. ತೆಗೆದು ನೋಡಿದರೆ ಚಿಪ್ ಚೆನ್ನಾಗಿಯೇ ಇರುತ್ತದೆ. ತೊಂದರೆ ಇರುವುದು ಲ್ಯಾಪ್‌ಟಾಪಿಗೂ ಚಿಪ್ಪಿಗೂ ನಡುವೆ ಕೂತಿರುವ ಆ ಅಗ್ಗದ ಯುಎಸ್‌ಬಿ ಪ್ರೋಗ್ರಾಮರ್‌ನಲ್ಲಿ, ಅದರ ವೈರಿನಲ್ಲಿ, ಅದರ ಡ್ರೈವರ್‌ನಲ್ಲಿ, ಇಲ್ಲವೇ ಅದು ಮಾತಾಡುವ ವೇಗದಲ್ಲಿ.

ಮನೆಯ ಹಿರಿಯರೂ ಇದನ್ನು ಓದುತ್ತೀರಿ, ಹಾಗಾಗಿ ಎರಡು ಮಾತು ಬಿಡಿಸಿ ಹೇಳುತ್ತೇನೆ. ವಾಷಿಂಗ್ ಮೆಷಿನ್, ಯುಪಿಎಸ್, ಬೈಕಿನ ಮೀಟರ್ ಇವುಗಳೊಳಗೆ ಮೈಕ್ರೋಕಂಟ್ರೋಲರ್ ಎಂಬ ಸಣ್ಣ ಚಿಪ್ ಇರುತ್ತದೆ. ಒಂದೇ ಕೆಲಸ ಮಾಡುವ ಪುಟ್ಟ ಕಂಪ್ಯೂಟರ್ ಅಂದುಕೊಳ್ಳಿ. ಏನು ಮಾಡಬೇಕು ಎಂದು ಅದಕ್ಕೆ ಹೇಳುವ ಬರಹದ ಹೆಸರು ಫರ್ಮ್‌ವೇರ್. ಆ ಬರಹವನ್ನು ಲ್ಯಾಪ್‌ಟಾಪಿನಿಂದ ಚಿಪ್ಪಿನೊಳಕ್ಕೆ ಇಳಿಸುವ ಸಾಧನವೇ ಪ್ರೋಗ್ರಾಮರ್.

ನಮ್ಮ ಹೊಸೂರಿನ ಹುಡುಗರಿಗೆ ಈ ಕೆಲಸ ಹೊಸದಲ್ಲ. ಸಿಪ್‌ಕಾಟ್ ಬಂದ ಮೇಲೆ ಊರಿನ ಚಹರೆಯೇ ಬದಲಾಯಿತು. ಟೈಟಾನ್‌ನ ಮೊದಲ ಗಡಿಯಾರದ ಕಾರ್ಖಾನೆ ಇಲ್ಲಿ, ಅಶೋಕ್ ಲೇಲ್ಯಾಂಡ್ ಇಲ್ಲಿ, ಟಿವಿಎಸ್ ಇಲ್ಲಿ. ನಾನೂ ಒಂದು ಕಾರ್ಖಾನೆಯ ಮೇಂಟೆನೆನ್ಸ್ ವಿಭಾಗದಲ್ಲಿ ಇದ್ದೇನೆ. ಅಲ್ಲಿ ಒಂದು ಯಂತ್ರದ ಫರ್ಮ್‌ವೇರ್ ಬದಲಿಸಬೇಕೆಂದರೆ ಕಂಪನಿಯ ಇಂಜಿನಿಯರ್ ತನ್ನದೇ ಪೆಟ್ಟಿಗೆ ಹಿಡಿದುಕೊಂಡು ಬರುತ್ತಾನೆ. ಕೆಲಸ ಆಗದಿದ್ದರೆ ಅವನೇ ಫೋನ್ ಮಾಡುತ್ತಾನೆ, ಅವನೇ ಉತ್ತರ ಹೇಳುತ್ತಾನೆ. ಸಾಯಂಕಾಲ ಮನೆಗೆ ಬಂದು ನನ್ನ ಮೇಜಿನ ಮುಂದೆ ಕೂತರೆ ಅಲ್ಲಿರುವುದು 200 ರೂಪಾಯಿಯ ಪ್ರೋಗ್ರಾಮರ್. ಅದಕ್ಕೆ ಹೆಸರಿಲ್ಲ, ವಿಳಾಸವಿಲ್ಲ, ಮಾಡಿದವರು ಯಾರೆಂದು ಗೊತ್ತಿಲ್ಲ. ಅದರ ಪರವಾಗಿ ಉತ್ತರ ಹೇಳುವವರು ಯಾರೂ ಇಲ್ಲ. ಆದ್ದರಿಂದ ಆ ಉತ್ತರವನ್ನು ನಾವೇ ಹುಡುಕಬೇಕು. ಹೇಗೆ ಹುಡುಕುವುದು ಎಂದು ಹೇಳಲು, ಹೋದ ವರ್ಷ ರಾಗಿ ಕೊಯ್ಲಿನ ಸಮಯದಲ್ಲಿ ನಡೆದದ್ದನ್ನು ಬರೆಯುತ್ತೇನೆ.

ಕೆಲಮಂಗಲದ ಕಡೆಯ ಹಳ್ಳಿಯಿಂದ ನಮ್ಮ ಯುವಕರ ಕೂಟಕ್ಕೆ ಬರುವ ಒಬ್ಬ ಹುಡುಗ ಇದ್ದಾನೆ, ಡಿಪ್ಲೊಮಾ ಓದುತ್ತಿದ್ದಾನೆ. ಅವನ ತಾಯಿ ನಾಟಿ ಕೋಳಿಯ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿ ಮಾರುತ್ತಾರೆ. ಮನೆಯಲ್ಲಿ ಒಂದು ಇನ್‌ಕ್ಯುಬೇಟರ್ ಇದೆ. ಕೋಳಿ ಮೊಟ್ಟೆ ಮರಿಯಾಗಲು 21 ದಿನ ಬೇಕು. ಅಷ್ಟೂ ದಿನ ಒಳಗಿನ ಶಾಖ 37.5 ಡಿಗ್ರಿಯ ಹತ್ತಿರವೇ ನಿಲ್ಲಬೇಕು. 18ನೇ ದಿನದವರೆಗೂ ಮೊಟ್ಟೆಗಳನ್ನು ತಿರುಗಿಸುತ್ತಿರಬೇಕು, ಆಮೇಲೆ ನಿಲ್ಲಿಸಬೇಕು. ಸ್ವಲ್ಪ ಹೊತ್ತು ತಣ್ಣಗಾದರೆ ಒಳಗಿನ ಜೀವ ತಡೆದುಕೊಳ್ಳುತ್ತದೆ, ಆದರೆ ಶಾಖ 40 ಡಿಗ್ರಿ ದಾಟಿ ನಿಂತರೆ ತಡೆದುಕೊಳ್ಳುವುದಿಲ್ಲ. ಇದನ್ನೆಲ್ಲಾ ನೋಡಿಕೊಳ್ಳುವುದು ಪೆಟ್ಟಿಗೆಯ ಮೇಲಿರುವ ಒಂದು ಕಂಟ್ರೋಲರ್ ಬೋರ್ಡ್.

ಒಂಬತ್ತನೇ ದಿನ ಕರೆಂಟ್ ಏರಿಳಿತವಾಗಿ ಆ ಬೋರ್ಡ್ ಸುಟ್ಟುಹೋಯಿತು. ಒಳಗೆ 120 ಮೊಟ್ಟೆ. ಪೆಟ್ಟಿಗೆ ಮಾಡಿಕೊಟ್ಟವರು ಬದಲಿ ಬೋರ್ಡ್ ಕೊರಿಯರ್‌ನಲ್ಲಿ ಕಳಿಸಿದರು. ಆದರೆ ಅದರ ಮೇಲಿದ್ದ ಎಟಿಮೆಗಾ8 ಚಿಪ್ ಖಾಲಿ. ಫರ್ಮ್‌ವೇರ್ ಫೈಲನ್ನು ಫೋನಿಗೆ ಕಳಿಸಿ, “ಯಾವ ಪ್ರೋಗ್ರಾಮರ್‌ನಲ್ಲಾದರೂ ಹಾಕಿಕೊಳ್ಳಿ” ಎಂದರು. ಹುಡುಗ ಆನ್‌ಲೈನ್‌ನಲ್ಲಿ ಒಂದು ಪ್ರೋಗ್ರಾಮರ್ ತರಿಸಿದ. ಎರಡು ದಿನ ಒದ್ದಾಡಿದ. ಆಗಲಿಲ್ಲ.

ಅಷ್ಟು ದಿನವೂ ಅವನ ತಾಯಿ ಪೆಟ್ಟಿಗೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಥರ್ಮಾಮೀಟರ್ ನೋಡುತ್ತಾ ಬಲ್ಬ್ ಹಾಕುವುದು, ಆರಿಸುವುದು ಮಾಡುತ್ತಿದ್ದರು. ರಾತ್ರಿ ಹೊತ್ತು ತಾಯಿ, ಮಗಳು ಸರದಿಯಲ್ಲಿ ಏಳುತ್ತಿದ್ದರು. ಹುಡುಗ ಶನಿವಾರ ಸಾಯಂಕಾಲ ಬೋರ್ಡನ್ನು ಟಿಫಿನ್ ಡಬ್ಬದಲ್ಲಿ ಹಾಕಿಕೊಂಡು ನನ್ನ ಮನೆಗೆ ಬಂದಾಗ ಮೊಟ್ಟೆಗಳಿಗೆ ಹದಿಮೂರನೇ ದಿನ.

“ಚಿಪ್ ಸತ್ತಿದೆ ಅಣ್ಣಾ. ಬೆಳಿಗ್ಗೆ ಮೊದಲ ಬಸ್ಸಿಗೆ ಎಸ್‌ಪಿ ರೋಡ್‌ಗೆ ಹೋಗಿ ಬೇರೆ ತರ್ತೀನಿ” ಎಂದ.

“ನಾಳೆ ಭಾನುವಾರ ಕಣೋ. ಎಷ್ಟು ಅಂಗಡಿ ತೆಗೆದಿರ್ತವೆ? ಕೂತ್ಕೋ. ಸತ್ತಿದೆ ಅಂತ ಯಾರು ಹೇಳಿದ್ದು ನಿಂಗೆ?”

ಮೊದಲ ಪ್ರಶ್ನೆ: ಲ್ಯಾಪ್‌ಟಾಪಿಗೆ ಪ್ರೋಗ್ರಾಮರ್ ಕಾಣುತ್ತದೆಯೇ?

ಅವನು ಕೊಂಡಿದ್ದು ‘ಯುಎಸ್‌ಬಿ-ಆಸ್ಪ್’ ಎಂಬ ಹೆಸರಿನಲ್ಲಿ ಮಾರುವ ಪ್ರೋಗ್ರಾಮರ್. ಇದರ ಮೂಲ ಜರ್ಮನಿಯ ಥಾಮಸ್ ಫಿಶ್ಲ್ ಎಂಬುವರದು. ಅವರು ಅದರ ನಕ್ಷೆಯನ್ನೂ ಒಳಗಿನ ಫರ್ಮ್‌ವೇರನ್ನೂ ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ಮಾಡಿಕೊಳ್ಳಬಹುದು. ಅದರಿಂದಲೇ ಅದು ಇಷ್ಟು ಅಗ್ಗ. ಆದರೆ ಯಾರು ಬೇಕಾದರೂ ಮಾಡಬಹುದಾದ್ದರಿಂದ, ಒಳಗೆ ಏನು ಹಾಕಿದ್ದಾರೆ ಎಂಬುದು ಒಂದೊಂದು ಸಲ ಒಂದೊಂದು ರೀತಿ.

ಹುಡುಗನ ಪ್ರೋಗ್ರಾಮರ್ ಸಿಕ್ಕಿಸಿದರೆ ದೀಪ ಹತ್ತಿತು. ಆದರೆ ಫರ್ಮ್‌ವೇರ್ ಇಳಿಸುವ ಎವಿಆರ್‌ಡ್ಯೂಡ್ ಎಂಬ ಸಾಫ್ಟ್‌ವೇರ್ ‘ಅಂಥ ಯುಎಸ್‌ಬಿ ಸಾಧನ ಸಿಗುತ್ತಿಲ್ಲ’ ಎಂದು ಹೇಳುತ್ತಿತ್ತು. ಇಲ್ಲಿ ಬಹಳ ಮಂದಿ ಡ್ರೈವರ್ ಮೇಲೆ ಡ್ರೈವರ್ ಹಾಕಿ ದಿನ ಕಳೆಯುತ್ತಾರೆ. ಅವನೂ ‘ಜಾಡಿಗ್’ ಎಂಬ ಸಾಫ್ಟ್‌ವೇರಿನಿಂದ ಮೂರು ಬಗೆಯ ಡ್ರೈವರ್ ಹಾಕಿ ನೋಡಿದ್ದ. ವಿಂಡೋಸ್‌ನಲ್ಲಿ ನಿಜವಾದ ಯುಎಸ್‌ಬಿ-ಆಸ್ಪ್‌ಗೆ ಜಾಡಿಗ್ ಬೇಕಾಗುವುದು ನಿಜ. ಆದರೆ ಡ್ರೈವರ್ ಹಾಕುವ ಮೊದಲು ಡಿವೈಸ್ ಮ್ಯಾನೇಜರ್‌ನಲ್ಲಿ ಅದರ ಗುರುತು ಸಂಖ್ಯೆ ನೋಡಬೇಕು. ಪ್ರತಿ ಯುಎಸ್‌ಬಿ ಸಾಧನಕ್ಕೂ ಎರಡು ಭಾಗದ ಗುರುತು ಸಂಖ್ಯೆ ಇರುತ್ತದೆ. ಯುಎಸ್‌ಬಿ-ಆಸ್ಪ್ ಆಗಿದ್ದರೆ ಅದು 16ಸಿ0 ಮತ್ತು 05ಡಿಸಿ ಎಂದು ಇರಬೇಕು. ಲಿನಕ್ಸ್ ಇದ್ದವರಿಗೆ ‘ಎಲ್‌ಎಸ್‌ಯುಎಸ್‌ಬಿ’ ಎಂಬ ಒಂದೇ ಆಜ್ಞೆ ಸಾಕು. ಅಲ್ಲಿ ಸಂಖ್ಯೆ ಕಂಡೂ ಕೆಲಸ ಆಗದಿದ್ದರೆ ಅನುಮತಿಯ ತೊಂದರೆ ಇರಬಹುದು.

ಇವನದರಲ್ಲಿ ಬೇರೆಯೇ ಸಂಖ್ಯೆ ಇತ್ತು. ವಿಂಡೋಸ್ ಅದನ್ನು ಕೀಬೋರ್ಡ್, ಮೌಸ್ ಜಾತಿಗೆ ಸೇರಿಸಿ ತೋರಿಸುತ್ತಿತ್ತು. ಇಂಥವು ಮಾರುಕಟ್ಟೆಯಲ್ಲಿ ಸಾಕಷ್ಟಿವೆ. ಹೊರಗೆ ಅದೇ ಅಲ್ಯೂಮಿನಿಯಂ ಡಬ್ಬ, ಒಳಗೆ ಬೇರೆಯವರ ಫರ್ಮ್‌ವೇರ್. ಅದಕ್ಕೆ ಅದರದೇ ಸಾಫ್ಟ್‌ವೇರ್ ಬೇಕು, ಎವಿಆರ್‌ಡ್ಯೂಡ್‌ಗೆ ಅದರ ಭಾಷೆ ಬರುವುದಿಲ್ಲ. ಎಷ್ಟು ಡ್ರೈವರ್ ಹಾಕಿದರೂ ಬರುವುದಿಲ್ಲ. ಅದನ್ನು ಆ ರಾತ್ರಿಗೆ ಪಕ್ಕಕ್ಕಿಟ್ಟೆವು. ನನ್ನ ಹತ್ತಿರ ಇದ್ದ ಹಳೆಯ ಯುಎಸ್‌ಬಿ-ಆಸ್ಪ್ ತೆಗೆದುಕೊಂಡೆವು.

ಎರಡನೇ ಪ್ರಶ್ನೆ: ಸಾಧನ ನೆಟ್ಟಗಿದೆ ಎಂಬುದಕ್ಕೆ ಸಾಕ್ಷಿ ಏನು?

ಇದು ಈ ಬರಹದಲ್ಲಿ ನಾನು ಹೇಳಲೇಬೇಕಾದ ಮಾತು. ಕೆಲಸ ಮಾಡುತ್ತದೆ ಎಂದು ಖಚಿತವಾಗಿ ಗೊತ್ತಿರುವ ಒಂದು ಚಿಪ್ ನಿಮ್ಮ ಹತ್ತಿರ ಯಾವಾಗಲೂ ಇರಬೇಕು. ನಾನು ಅದಕ್ಕೆ ‘ಸಾಕ್ಷಿ ಚಿಪ್’ ಎಂದು ಹೆಸರಿಟ್ಟಿದ್ದೇನೆ. ನನ್ನದು ಹಳೆಯ ಬೋರ್ಡಿನ ಒಂದು ಎಟಿಮೆಗಾ328ಪಿ, 16 ಮೆಗಾಹರ್ಟ್ಸ್ ಕ್ರಿಸ್ಟಲ್ ಜೊತೆ. ಅದಕ್ಕೆ ಹೊಸದೇನೂ ಬರೆಯುವುದಿಲ್ಲ. ಗುರುತನ್ನು ಮಾತ್ರ ಓದಿಸುತ್ತೇನೆ. ಪ್ರತಿಯೊಂದು ಎವಿಆರ್ ಚಿಪ್ಪಿನಲ್ಲೂ ಅಳಿಸಲಾಗದ ಮೂರು ಸಂಖ್ಯೆಗಳ ಸಿಗ್ನೇಚರ್ ಇರುತ್ತದೆ. ಎಟಿಮೆಗಾ328ಪಿ ಆದರೆ 1ಇ, 95, 0ಎಫ್. ಎಟಿಮೆಗಾ8 ಆದರೆ 1ಇ, 93, 07.

ಸಾಕ್ಷಿ ಚಿಪ್ಪನ್ನು ಸೇರಿಸಿದೆವು. ಗುರುತು ಸರಿಯಾಗಿ ಬಂತು. ಮೂರು ಸಲ ಓದಿಸಿದೆವು, ಮೂರು ಸಲವೂ ಅದೇ ಬಂತು. ಇಷ್ಟರಿಂದಲೇ ಲ್ಯಾಪ್‌ಟಾಪ್, ಡ್ರೈವರ್, ಯುಎಸ್‌ಬಿ ಪೋರ್ಟ್, ಪ್ರೋಗ್ರಾಮರ್, ರಿಬ್ಬನ್ ಕೇಬಲ್ ಐದೂ ನೆಟ್ಟಗಿವೆ ಎಂದಾಯಿತು. ಐದನ್ನೂ ಒಂದೊಂದಾಗಿ ಅನುಮಾನಿಸುವ ಕೆಲಸ ಐದು ನಿಮಿಷದಲ್ಲಿ ಮುಗಿಯಿತು. ಸಾಕ್ಷಿ ಚಿಪ್ ಇಲ್ಲದವರು ಇದೇ ಐದರ ನಡುವೆ ಐದು ದಿನ ಸುತ್ತುತ್ತಾರೆ.

ಸಾಕ್ಷಿಯನ್ನು ತೆಗೆದು ಕೋಳಿ ಪೆಟ್ಟಿಗೆಯ ಬೋರ್ಡ್ ಸೇರಿಸಿದೆವು. ಇಲ್ಲಿ ಒಂದು ಎಚ್ಚರಿಕೆ. ಹೀಟರ್ ಓಡಿಸುವ ಬೋರ್ಡ್ 230 ವೋಲ್ಟಿನ ಕರೆಂಟಿಗೆ ಸೇರಿರುವಾಗ ಅದಕ್ಕೆ ಪ್ರೋಗ್ರಾಮರ್ ಸಿಕ್ಕಿಸಲೇಬಾರದು. ಅಗ್ಗದ ಬೋರ್ಡುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಮನೆಯ ಕರೆಂಟಿಗೂ ಚಿಪ್ಪಿಗೂ ನಡುವೆ ತಡೆ ಇರುವುದಿಲ್ಲ. ಲ್ಯಾಪ್‌ಟಾಪ್ ಹೋಗುವುದು ಹಾಗಿರಲಿ, ಪ್ರಾಣಕ್ಕೇ ಅಪಾಯ. ಪ್ಲಗ್ ಕಿತ್ತು, ಕೆಪಾಸಿಟರ್‌ಗಳು ಖಾಲಿಯಾಗಲು ಬಿಟ್ಟು, ಪ್ರೋಗ್ರಾಮರ್ ಕೊಡುವ 5 ವೋಲ್ಟಿನಲ್ಲೇ ಕೆಲಸ ಮಾಡಬೇಕು.

ಓದಿಸಿದೆವು. ‘ಇನಿಷಿಯಲೈಸೇಷನ್ ಫೇಲ್ಡ್’ ಎಂದು ಬಂತು. ಹುಡುಗ ನನ್ನ ಮುಖ ನೋಡಿದ. “ಹೇಳ್ದೆ ಅಲ್ವಾ ಅಣ್ಣಾ?”

ಮೂರನೇ ಪ್ರಶ್ನೆ: ಬೋರ್ಡೋ, ಚಿಪ್ಪೋ?

ಎಟಿಮೆಗಾ8 ಸಾಕೆಟ್‌ನಲ್ಲಿ ಕೂತಿತ್ತು. ಅದನ್ನು ಮೆಲ್ಲಗೆ ಎಬ್ಬಿಸಿ ಬ್ರೆಡ್‌ಬೋರ್ಡಿಗೆ ಹಾಕಿದೆವು. ಬೋರ್ಡಿನ ಮೇಲಿನ ರಿಲೇ, ಎಲ್‌ಇಡಿ, ಸೆನ್ಸರ್ ಯಾವುದೂ ಈಗ ನಡುವೆ ಬರುವಂತಿಲ್ಲ. ಆರು ಸಂಪರ್ಕ ಸಾಕು. 28 ಕಾಲಿನ ಎಟಿಮೆಗಾ8ರಲ್ಲಿ 1ನೇ ಕಾಲು ರೀಸೆಟ್. 17 ಮೋಸಿ, 18 ಮಿಸೊ, 19 ಕ್ಲಾಕ್. 7 ಮತ್ತು 20ಕ್ಕೆ 5 ವೋಲ್ಟ್, 8 ಮತ್ತು 22ಕ್ಕೆ ಗ್ರೌಂಡ್. ಮೋಸಿ, ಮಿಸೊಗಳನ್ನು ಅದಲು ಬದಲು ಮಾಡಬಾರದು. ಸೀರಿಯಲ್ ವೈರುಗಳಂತೆ ಇಲ್ಲಿ ಅಡ್ಡ ಹಾಯಿಸುವುದಿಲ್ಲ, ಮೋಸಿ ಮೋಸಿಗೇ ಹೋಗುತ್ತದೆ.

ಮಲ್ಟಿಮೀಟರನ್ನು ಬೀಪ್ ಶಬ್ದಕ್ಕೆ ಇಟ್ಟು ಒಂದೊಂದು ವೈರನ್ನೂ ಈ ತುದಿಯಿಂದ ಆ ತುದಿಗೆ ಮುಟ್ಟಿಸಿ ನೋಡಿದೆವು. ಅಗ್ಗದ ಜಂಪರ್ ವೈರಿನಲ್ಲಿ ಪ್ಲಾಸ್ಟಿಕ್ ಒಳಗೆ ತಂತಿ ತುಂಡಾಗಿರುವುದು ಸಾಮಾನ್ಯ, ಕಣ್ಣಿಗೆ ಕಾಣುವುದಿಲ್ಲ. ನಮ್ಮ ವೈರುಗಳು ಸರಿಯಿದ್ದವು. ವೋಲ್ಟೇಜ್ ಅಳೆದೆವು, 5 ಇತ್ತು. ಮತ್ತೆ ಓದಿಸಿದೆವು. ಮತ್ತೆ ಫೇಲ್.

ಈಗ ಉಳಿದದ್ದು ಎರಡೇ. ಚಿಪ್ ಸತ್ತಿರಬೇಕು, ಇಲ್ಲವೇ ಅದಕ್ಕೆ ನಮ್ಮ ಮಾತು ಕೇಳಿಸುತ್ತಿಲ್ಲ.

ನಾಲ್ಕನೇ ಪ್ರಶ್ನೆ: ಎಷ್ಟು ವೇಗವಾಗಿ ಮಾತಾಡುತ್ತಿದ್ದೇವೆ?

ಎವಿಆರ್‌ಡ್ಯೂಡ್ ಫೇಲ್ ಎನ್ನುವ ಮೊದಲು ಮತ್ತೊಂದು ಸಾಲು ತೋರಿಸುತ್ತಿತ್ತು: ಕ್ಲಾಕಿನ ವೇಗ ಬದಲಿಸಲು ಆಗುತ್ತಿಲ್ಲ, ಯುಎಸ್‌ಬಿ-ಆಸ್ಪ್‌ನ ಫರ್ಮ್‌ವೇರ್ ಹೊಸದಾಗಿಸಿ ಎಂಬ ಅರ್ಥದ ಸಾಲು. ಅಗ್ಗದ ಪ್ರೋಗ್ರಾಮರ್ ಇರುವವರೆಲ್ಲ ಈ ಸಾಲನ್ನು ನೋಡಿಯೇ ಇರುತ್ತೀರಿ. ಕೆಲವರು ಅದೇ ದೋಷವೆಂದು ಹೆದರಿ ನಿಲ್ಲಿಸುತ್ತಾರೆ. ಕೆಲವರು ಯಾವಾಗಲೂ ಬರುತ್ತದೆ ಎಂದು ಓದುವುದನ್ನೇ ಬಿಡುತ್ತಾರೆ. ಅದು ಬರೀ ಎಚ್ಚರಿಕೆ, ಸಾಕ್ಷಿ ಚಿಪ್ ಓದಿಸಿದಾಗಲೂ ಬಂದಿತ್ತು, ಕೆಲಸ ನಿಂತಿರಲಿಲ್ಲ. ಆದರೆ ಈ ಹೊಸ ಚಿಪ್ಪಿನ ವಿಷಯದಲ್ಲಿ ಉತ್ತರ ಆ ಸಾಲಿನಲ್ಲೇ ಇತ್ತು.

ಲೆಕ್ಕ ಹೀಗಿದೆ. ಕಾರ್ಖಾನೆಯಿಂದ ಬಂದ ಹೊಸ ಎಟಿಮೆಗಾ8 ತನ್ನೊಳಗಿನ 1 ಮೆಗಾಹರ್ಟ್ಸ್ ಗಡಿಯಾರದ ಮೇಲೆ ಓಡುತ್ತದೆ. ಪ್ರೋಗ್ರಾಮರ್ ಕೊಡುವ ಕ್ಲಾಕ್ ಚಿಪ್ಪಿನ ಗಡಿಯಾರದ ಕಾಲು ಭಾಗಕ್ಕಿಂತ ಕಡಿಮೆ ಇರಬೇಕು ಎಂಬುದು ನಿಯಮ. 1 ಮೆಗಾಹರ್ಟ್ಸ್‌ನ ಕಾಲು ಭಾಗ ಎಂದರೆ 250 ಕಿಲೋಹರ್ಟ್ಸ್. ಯುಎಸ್‌ಬಿ-ಆಸ್ಪ್ ತಾನಾಗಿ ಮಾತಾಡುವ ವೇಗ 375 ಕಿಲೋಹರ್ಟ್ಸ್. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಸಾಕ್ಷಿ ಚಿಪ್ಪಿಗೆ ಅದು ನಿಧಾನವೇ. ಆದರೆ ಹೊಸ ಚಿಪ್ಪಿಗೆ ಅದು ಹಿಡಿಯಲಾರದ ವೇಗ. ಊರಿಗೆ ಹೊಸದಾಗಿ ಬಂದವರ ಹತ್ತಿರ ನಾವು ನಾಲ್ಕು ಭಾಷೆ ಬೆರೆಸಿ ಗಡಗಡ ಮಾತಾಡಿದರೆ ಅವರು ಸುಮ್ಮನೆ ನಿಲ್ಲುವುದಿಲ್ಲವೇ, ಹಾಗೆ. ಕಿವಿ ಕೇಳುತ್ತದೆ, ಮಾತು ಹಿಡಿಯುತ್ತಿಲ್ಲ, ಅಷ್ಟೇ.

ಹೊಸ ಫರ್ಮ್‌ವೇರ್ ಇರುವ ಯುಎಸ್‌ಬಿ-ಆಸ್ಪ್ ಆಗಿದ್ದರೆ ಎವಿಆರ್‌ಡ್ಯೂಡ್ ಆಜ್ಞೆಗೆ ‘ಮೈನಸ್ ಬಿ’ ಸೇರಿಸಿ ವೇಗ ತಗ್ಗಿಸಬಹುದು. ಫಿಶ್ಲ್ ಅವರ 2011ರ ಮೇ ತಿಂಗಳ ಫರ್ಮ್‌ವೇರ್‌ನಲ್ಲಿ ಈ ಸೌಲಭ್ಯ ಇದೆ. ಆದರೂ ಇಂದಿಗೂ ಅದಕ್ಕಿಂತ ಹಳೆಯದನ್ನೇ ತುಂಬಿದ ಪ್ರೋಗ್ರಾಮರುಗಳು ಮಾರಾಟಕ್ಕೆ ಬರುತ್ತವೆ. ನನ್ನದೂ ಅಂಥದ್ದೇ. ಹಳೆಯದಕ್ಕೆ ಬೇರೆ ದಾರಿ ಇದೆ. ಬೋರ್ಡಿನ ಮೇಲೆ ‘ಜೆಪಿ3’ ಎಂದು ಒಂದು ಜಾಗ ಇರುತ್ತದೆ. ಅದನ್ನು ಕೂಡಿಸಿದರೆ ಪ್ರೋಗ್ರಾಮರ್ ಬಹಳ ನಿಧಾನವಾಗಿ, ಸುಮಾರು 8 ಕಿಲೋಹರ್ಟ್ಸ್‌ನಲ್ಲಿ ಮಾತಾಡುತ್ತದೆ. ಅಗ್ಗದವುಗಳಲ್ಲಿ ಅಲ್ಲಿ ಪಿನ್ ಇರುವುದಿಲ್ಲ, ಎರಡು ತೂತು ಮಾತ್ರ ಇರುತ್ತವೆ. ನಾವು ಡಬ್ಬ ಬಿಚ್ಚಿ, ಆ ಎರಡು ತೂತುಗಳಿಗೆ ಎರಡು ಪಿನ್ ಬೆಸುಗೆ ಹಾಕಿ, ಮೇಲೆ ಒಂದು ಜಂಪರ್ ತೊಡಿಸಿದೆವು. ಹತ್ತು ನಿಮಿಷದ ಕೆಲಸ.

ಓದಿಸಿದೆವು. 1ಇ, 93, 07. ಮತ್ತೆ ಓದಿಸಿದೆವು. ಅದೇ. ಮೂರನೇ ಸಲವೂ ಅದೇ.

ಹುಡುಗ ಏನೂ ಹೇಳಲಿಲ್ಲ. ಫೋನ್ ತೆಗೆದು ಮನೆಗೆ, “ಅಮ್ಮಾ, ಸಿಕ್ತು” ಎಂದಷ್ಟೇ ಹೇಳಿದ.

ಐದನೇ ಮಾತು: ಫ್ಯೂಸ್ ಮುಟ್ಟುವ ಮೊದಲು ಬರೆದಿಟ್ಟುಕೊಳ್ಳಿ

ಇಷ್ಟಾದ ಮೇಲೆ ಅವಸರ ಬರುತ್ತದೆ. ಅವಸರದಲ್ಲಿ ಚಿಪ್ ಕಳೆದುಕೊಳ್ಳುವುದು ಇಲ್ಲಿಯೇ. ಎವಿಆರ್ ಚಿಪ್ಪಿನಲ್ಲಿ ‘ಫ್ಯೂಸ್’ ಎಂದು ಕರೆಯುವ ಕೆಲವು ಆಯ್ಕೆಗಳಿವೆ. ಯಾವ ಗಡಿಯಾರದ ಮೇಲೆ ಓಡಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಕ್ರಿಸ್ಟಲ್ ಇಲ್ಲದ ಬೋರ್ಡಿನಲ್ಲಿ ‘ಹೊರಗಿನ ಕ್ರಿಸ್ಟಲ್’ ಎಂದು ಬರೆದರೆ ಚಿಪ್ ಆ ಕ್ಷಣದಿಂದ ಮೌನ. ಅದಕ್ಕೂ ಮದ್ದಿದೆ: 9ನೇ ಕಾಲಿಗೆ ಹೊರಗಿನಿಂದ ಕ್ಲಾಕ್ ಕೊಟ್ಟರೆ ಮತ್ತೆ ಮಾತಾಡುತ್ತದೆ. ಆದರೆ ರೀಸೆಟ್ ಕಾಲನ್ನೇ ಮುಚ್ಚುವ ಫ್ಯೂಸ್ ಬರೆದರೆ ಈ ಪ್ರೋಗ್ರಾಮರ್‌ನಿಂದ ಆಗುವುದಿಲ್ಲ, 12 ವೋಲ್ಟ್ ಕೊಡುವ ಬೇರೆ ಬಗೆಯ ಪ್ರೋಗ್ರಾಮರ್ ಬೇಕು.

ಹಾಗಾಗಿ ಮೊದಲು ಇದ್ದ ಫ್ಯೂಸ್‌ಗಳನ್ನು ಓದಿ ಕಾಗದದಲ್ಲಿ ಬರೆದುಕೊಂಡೆವು. ಕೆಳಗಿನದು ಇ1, ಮೇಲಿನದು ಡಿ9, ಹೊಸ ಎಟಿಮೆಗಾ8ರಲ್ಲಿ ಇರಬೇಕಾದ್ದೇ. ಪೆಟ್ಟಿಗೆ ಮಾಡಿದವರು ಕೊಟ್ಟ ಚೀಟಿಯಲ್ಲಿ ಒಳಗಿನ 8 ಮೆಗಾಹರ್ಟ್ಸ್ ಎಂದಿತ್ತು, ಅದಕ್ಕೆ ಕೆಳಗಿನದು ಇ4. ಮೊದಲು ಫರ್ಮ್‌ವೇರ್ ಇಳಿಸಿದೆವು. ನಿಧಾನದ ವೇಗದಲ್ಲಿ ಬರೆದು, ತಾನೇ ಮತ್ತೆ ಓದಿ ಹೋಲಿಸಿ, ‘ವೆರಿಫೈಡ್’ ಎನ್ನಲು ಒಂದೆರಡು ನಿಮಿಷ ಹಿಡಿಯಿತು. ಆಮೇಲೆ ಆ ಒಂದು ಫ್ಯೂಸ್ ಬದಲಿಸಿದೆವು.

ಕೊನೆಗೆ ಜಂಪರ್ ಕಿತ್ತು, ಹಳೆಯ ವೇಗದಲ್ಲೇ ಗುರುತು ಓದಿಸಿದೆವು. ತಟ್ಟನೆ ಬಂತು. ಚಿಪ್ ಈಗ 8 ಮೆಗಾಹರ್ಟ್ಸ್‌ನಲ್ಲಿ ಓಡುತ್ತಿದೆ, ಅದರ ಕಾಲು ಭಾಗ 2 ಮೆಗಾಹರ್ಟ್ಸ್, 375 ಕಿಲೋಹರ್ಟ್ಸ್ ಅದಕ್ಕೆ ಈಗ ಏನೂ ಅಲ್ಲ. ಕಾರಣ ವೇಗವೇ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ. ಕೆಲಸ ಆಯಿತು ಎಂದು ಎದ್ದುಬಿಡದೆ, ಯಾಕೆ ಆಯಿತು ಎಂಬುದನ್ನೂ ಹೀಗೆ ಒಂದು ಸಲ ಪರೀಕ್ಷಿಸಿ. ಮುಂದಿನ ಸಲ ಅದೇ ನಿಮ್ಮ ಕೈ ಹಿಡಿಯುತ್ತದೆ.

ಹತ್ತು ಗಂಟೆಗೆ ಹುಡುಗ ಬೈಕ್ ಹತ್ತಲು ಹೊರಟ. ಅಷ್ಟರಲ್ಲಿ ತಾಯಿಯ ಫೋನ್ ಬಂತು. “ಈಗ ಬರಬೇಡಪ್ಪಾ. ರಾಗಿ ಹೊಲಕ್ಕೆ ಆನೆ ಇಳಿದಿವೆಯಂತೆ. ಇನ್ನೊಂದು ರಾತ್ರಿ ತಾನೇ, ನಾವೇ ನೋಡ್ಕೋತೀವಿ.” ಕೊಯ್ಲಿನ ಕಾಲಕ್ಕೆ ಬನ್ನೇರುಘಟ್ಟದ ಕಡೆಯಿಂದ ಡೆಂಕಣಿಕೋಟೆ, ಸೂಲಗಿರಿ, ಹೊಸೂರಿನ ಸುತ್ತ ಆನೆಗಳು ಬರುವುದು ನಿಮಗೆಲ್ಲ ಗೊತ್ತು. ಆ ರಾತ್ರಿಯೂ ಅವರು ಥರ್ಮಾಮೀಟರ್ ಮುಂದೆಯೇ ಕಳೆದರು. ಬೆಳಗಾಗುತ್ತಲೇ ಹುಡುಗ ಹೋಗಿ ಬೋರ್ಡ್ ಹಾಕಿದ. 21ನೇ ದಿನ ಮೊಟ್ಟೆಗಳು ಒಡೆದವು. ಎಲ್ಲವೂ ಮರಿಯಾಗಲಿಲ್ಲ, ಆದರೆ ಅರ್ಧಕ್ಕಿಂತ ಹೆಚ್ಚು ಆದವು. ನನ್ನನ್ನು ಕೇಳಿದರೆ ಆ ಮರಿಗಳನ್ನು ಉಳಿಸಿದ್ದು ಪ್ರೋಗ್ರಾಮರ್ ಅಲ್ಲ, ಆ ತಾಯಿ ಮತ್ತು ಮಗಳು ಕಳೆದ ನಿದ್ದೆ. ನಮ್ಮ ಕೆಲಸ ಅವರನ್ನು ಮಲಗಲು ಕಳಿಸುವುದಷ್ಟೇ ಆಗಿತ್ತು.

ಬೇರೆ ಸಾಧನಗಳಿಗೂ ಇದೇ ದಾರಿ

ಎಲ್ಲರ ಹತ್ತಿರವೂ ಯುಎಸ್‌ಬಿ-ಆಸ್ಪ್ ಇರುವುದಿಲ್ಲ. ಸಾಧನ ಬದಲಾದರೂ ಪ್ರಶ್ನೆಗಳ ಸಾಲು ಬದಲಾಗುವುದಿಲ್ಲ: ಕಾಣುತ್ತದೆಯೇ, ಸಾಕ್ಷಿ ಏನು, ವೈರ್, ವೋಲ್ಟೇಜ್, ವೇಗ.

ಆರ್ಡುಯಿನೊ ನ್ಯಾನೊ ಅಗ್ಗದ್ದಾದರೆ ಅದರಲ್ಲಿ ಸಿಎಚ್340 ಎಂಬ ಯುಎಸ್‌ಬಿ ಚಿಪ್ ಇರುವುದು ಹೆಚ್ಚು. ಡ್ರೈವರ್ ಸರಿಯಿದ್ದು, ಪೋರ್ಟ್ ಕಂಡು, ಆದರೂ ಅಪ್‌ಲೋಡ್ ಆಗದಿದ್ದರೆ ಮೆನುವಿನಲ್ಲಿ ‘ಓಲ್ಡ್ ಬೂಟ್‌ಲೋಡರ್’ ಆಯ್ಕೆ ಮಾಡಿ ನೋಡಿ. ಹಳೆಯದು 57600ರ ವೇಗದಲ್ಲಿ ಮಾತಾಡುತ್ತದೆ, ಹೊಸದು 115200ರಲ್ಲಿ. ಇಲ್ಲಿಯೂ ವೇಗದ ಪ್ರಶ್ನೆಯೇ.

ಎಸ್‌ಟಿಎಂ32 ಚಿಪ್‌ಗಳಿಗೆ ಬಳಸುವ ಎಸ್‌ಟಿ-ಲಿಂಕ್ ನಕಲುಗಳಲ್ಲಿ ಪಿನ್‌ಗಳ ಸಾಲು ಒಂದೊಂದು ಕಂತಿನಲ್ಲಿ ಒಂದೊಂದು ಥರ. ಗೆಳೆಯನ ಹತ್ತಿರ ಇರುವುದನ್ನು ನೋಡಿ ನಿಮ್ಮದಕ್ಕೆ ವೈರ್ ಹಾಕಬೇಡಿ. ಡಬ್ಬದ ಮೇಲಿನ ಅಚ್ಚನ್ನೂ ಪೂರ್ತಿ ನಂಬಬೇಡಿ, ಬಿಚ್ಚಿ ಒಳಗಿನ ಬೋರ್ಡಿನ ಮೇಲೆ ಬರೆದಿರುವುದನ್ನು ಓದಿ.

ಬಯಾಸ್ ಚಿಪ್ ಬರೆಯಲು ಬಳಸುವ ಸಿಎಚ್341ಎ ಎಂಬ ಕಪ್ಪು ಪ್ರೋಗ್ರಾಮರ್ ಇದ್ದವರು ಮಲ್ಟಿಮೀಟರ್ ಇಲ್ಲದೆ ಅದನ್ನು ಮುಟ್ಟಬೇಡಿ. ಬಹಳಷ್ಟು ಕಪ್ಪು ಬೋರ್ಡುಗಳು 3.3 ವೋಲ್ಟಿನ ಚಿಪ್ಪಿಗೂ ಡೇಟಾ ವೈರುಗಳಲ್ಲಿ 5 ವೋಲ್ಟ್ ಕೊಡುತ್ತವೆ.

ಸಿಗ್ನೇಚರ್ ಓದುವ ಬಗ್ಗೆ ಇನ್ನೊಂದು ಮಾತು. ಎಲ್ಲವೂ ಸೊನ್ನೆ, ಇಲ್ಲವೇ ಎಲ್ಲವೂ ಎಫ್‌ಎಫ್ ಎಂದು ಬಂದರೆ ವೈರ್ ನೋಡಿ. ಪ್ರತಿ ಸಲ ಬೇರೆ ಬೇರೆ ಬಂದರೆ ವೇಗ ತಗ್ಗಿಸಿ, ಗ್ರೌಂಡ್ ಗಟ್ಟಿ ಮಾಡಿ. ಯಾವಾಗಲೂ ಒಂದೇ ಬಂದು, ಆದರೆ ನೀವು ಹೇಳಿದ ಚಿಪ್ಪಿನದಲ್ಲದಿದ್ದರೆ, ಕೈಯಲ್ಲಿರುವುದು ಬೇರೆ ಚಿಪ್. ಎಟಿಮೆಗಾ328 ಮತ್ತು 328ಪಿ ಎರಡೂ ನೋಡಲು ಒಂದೇ, ಗುರುತು ಬೇರೆ. ಎವಿಆರ್‌ಡ್ಯೂಡ್ ತಾನೇ ‘ಮೈನಸ್ ಎಫ್ ಹಾಕಿ ಮುಂದುವರಿಯಬಹುದು’ ಎನ್ನುತ್ತದೆ. ಹಾಕಬೇಡಿ. ಕೇಳಿಸದವರ ಕಿವಿಯಲ್ಲಿ ಕೂಗಿದಂತೆ ಅದು. ಕಾರಣ ಹಾಗೇ ಉಳಿಯುತ್ತದೆ.

ಅಗ್ಗದ್ದನ್ನು ಕೊಂಡವರ ಪಾಡು

ಅಗ್ಗದ್ದನ್ನು ಯಾಕೆ ಕೊಳ್ಳುತ್ತೀರಿ ಎಂದು ಕೇಳುವವರಿದ್ದಾರೆ. ನಮ್ಮ ಹುಡುಗರ ಹತ್ತಿರ ಇರುವುದು ಅಷ್ಟೇ. ಆ 200 ರೂಪಾಯಿ ಇಲ್ಲದಿದ್ದರೆ ಈ ವಿದ್ಯೆಯ ಬಾಗಿಲೇ ನಮಗೆ ತೆರೆಯುತ್ತಿರಲಿಲ್ಲ. ಆದರೆ ಕೊಂಡದ್ದು ಅಸಲೋ ನಕಲೋ ಎಂದು ಕೊಂಡವನಿಗೇ ತಿಳಿಯದಿರುವುದು ಇದರ ಕಷ್ಟ. 2014ರ ಅಕ್ಟೋಬರ್‌ನಲ್ಲಿ ಏನಾಯಿತು ನೋಡಿ. ಎಫ್‌ಟಿಡಿಐ ಕಂಪನಿಯ ಯುಎಸ್‌ಬಿ ಚಿಪ್‌ಗಳನ್ನು ಹೋಲುವ ನಕಲುಗಳು ಜಗತ್ತಿನಲ್ಲೆಲ್ಲಾ ಹರಡಿದ್ದವು. ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದು, ನಕಲು ಚಿಪ್ ಸಿಕ್ಕಿದರೆ ಅದರ ಗುರುತು ಸಂಖ್ಯೆಯನ್ನು ಸೊನ್ನೆ ಮಾಡಿಬಿಟ್ಟಿತು. ನಿನ್ನೆಯವರೆಗೂ ಓಡುತ್ತಿದ್ದ ಸಾಧನಗಳು ಇದ್ದಕ್ಕಿದ್ದಂತೆ ಕಾಣದಾದವು. ಗಲಾಟೆಯಾದ ಮೇಲೆ ಆ ಡ್ರೈವರನ್ನು ಹಿಂದೆಗೆದರು. ನಕಲು ಮಾಡಿದವರಿಗೆ ಏನೂ ಆಗಲಿಲ್ಲ, ಪೆಟ್ಟು ಬಿದ್ದದ್ದು ನಮ್ಮಂಥವರ ಮೇಜಿನ ಮೇಲೆ.

ಆದ್ದರಿಂದ ಅಗ್ಗದ ಸಾಧನವನ್ನು ಕೊಂಡ ದಿನವೇ, ಯಾವ ಅವಸರವೂ ಇಲ್ಲದಾಗ, ಪರೀಕ್ಷಿಸಿ ಇಟ್ಟುಕೊಳ್ಳಬೇಕು. ಮೊಟ್ಟೆಗೆ ಹದಿಮೂರನೇ ದಿನವಾದಾಗ ಪ್ರೋಗ್ರಾಮರ್ ಯಾವ ಜಾತಿಯದು ಎಂದು ನೋಡಲು ಕೂರುವಂತಾಗಬಾರದು.

ಪಕ್ಕಕ್ಕಿಟ್ಟ ಆ ಹುಡುಗನ ಪ್ರೋಗ್ರಾಮರ್ ಏನಾಯಿತು ಎಂದೂ ಹೇಳಿಬಿಡುತ್ತೇನೆ. ಅದರೊಳಗೂ ಎಟಿಮೆಗಾ ಚಿಪ್ಪೇ, ಪಕ್ಕದಲ್ಲಿ 12 ಮೆಗಾಹರ್ಟ್ಸ್ ಕ್ರಿಸ್ಟಲ್. ಮುಂದಿನ ವಾರ ಅದರ ‘ಜೆಪಿ2’ ಕೂಡಿಸಿ, ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸದೆ, ನನ್ನ ಪ್ರೋಗ್ರಾಮರ್‌ನ ರಿಬ್ಬನ್ ಕೇಬಲ್‌ಗೆ ಸೇರಿಸಿ, ಫಿಶ್ಲ್ ಅವರ 2011ರ ಫರ್ಮ್‌ವೇರ್ ಇಳಿಸಿದೆವು. ಒಳಗಿರುವುದು ಎಟಿಮೆಗಾ8ಓ 88ಓ ಎಂದು ನೋಡಿ ಅದಕ್ಕೆ ತಕ್ಕ ಫೈಲ್ ಹಾಕಬೇಕು. ಎರಡನೇ ಪ್ರೋಗ್ರಾಮರ್ ಇಲ್ಲದವರು ಆರ್ಡುಯಿನೊ ಊನೊವನ್ನೇ ಪ್ರೋಗ್ರಾಮರ್ ಆಗಿ ಬಳಸಬಹುದು, ಅದಕ್ಕೆ ಬೇಕಾದ ‘ಆರ್ಡುಯಿನೊ ಐಎಸ್‌ಪಿ’ ಪ್ರೋಗ್ರಾಂ ಅದರ ಉದಾಹರಣೆಗಳಲ್ಲೇ ಇದೆ. ಈಗ ಅವನ ಪ್ರೋಗ್ರಾಮರ್‌ನಲ್ಲಿ ಆ ಎಚ್ಚರಿಕೆಯ ಸಾಲೂ ಬರುವುದಿಲ್ಲ, ‘ಮೈನಸ್ ಬಿ’ ಹೇಳಿದರೆ ನಿಧಾನವೂ ಆಗುತ್ತದೆ. ನನ್ನದಕ್ಕಿಂತ ಅವನದೇ ಈಗ ಚೆನ್ನಾಗಿದೆ. ಹೋದ ತಿಂಗಳು ಅದನ್ನೇ ನಾನು ಅವನಿಂದ ಎರವಲು ತಂದೆ.

ಹೀಗಾಗಿ ಯುವಕರ ಕೋಣೆಯಲ್ಲಿ ಒಂದು ಪೆಟ್ಟಿಗೆ ಇಡೋಣ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೇವೆ. ಪರೀಕ್ಷಿಸಿದ ಪ್ರೋಗ್ರಾಮರ್ ಒಂದು, ಸಾಕ್ಷಿ ಚಿಪ್ ಒಂದು, ಮಲ್ಟಿಮೀಟರ್ ಒಂದು, ಬೀಪ್ ಬರುವ ಆರು ವೈರು, ಜೊತೆಗೆ ಒಂದು ನೋಟ್‌ಬುಕ್. ನೋಟ್‌ಬುಕ್ಕಿನಲ್ಲಿ ಯಾವ ಸಾಧನ, ಯಾವ ಗುರುತು ಸಂಖ್ಯೆ, ಏನು ತೊಂದರೆ, ಏನು ಮಾಡಿದ್ದರಿಂದ ಸರಿಹೋಯಿತು ಎಂದು ಕನ್ನಡದಲ್ಲೋ ತಮಿಳಿನಲ್ಲೋ ನಿಮಗೆ ಬಂದ ಹಾಗೆ ಬರೆಯಿರಿ. ಇಂಗ್ಲಿಷಿನ ದೋಷದ ಸಾಲು ನೋಡಿ ಹೆದರಿ ಎದ್ದುಹೋಗುವ ತಮ್ಮ ತಂಗಿಯರಿಗೆ ಆ ಪುಟಗಳೇ ಧೈರ್ಯ.

ನಿಮ್ಮ ಮನೆಯ ಡ್ರಾಯರ್‌ನಲ್ಲಿ ‘ಕೆಟ್ಟಿದೆ’ ಎಂದು ಬಿದ್ದಿರುವ ಪ್ರೋಗ್ರಾಮರ್ ಇದ್ದರೆ ಎಸೆಯಬೇಡಿ. ಭಾನುವಾರ ಪೂಜೆ ಮುಗಿದ ಮೇಲೆ ತನ್ನಿ. ಬರುವಾಗ ಅದರ ಕೇಬಲ್ಲನ್ನೂ ಮರೆಯದೆ ತನ್ನಿ.